ಓಜ್ ಕಥೆಯ ಚಲಚ್ಚಿತ್ರದಲ್ಲಿ ವೇಷಗಳ ವರ್ಣವ್ಯತ್ಯಾಸ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬಾಲಸಾಹಿತ್ಯದಲ್ಲಿ ಎಲ್. ಫ್ರ್ಯಾಂಕ್ ಬಾಮನು (೧೮೫೬–೧೯೧೯) ಬರೆದ ‘ಓಜ್ ದೇಶದ ಅದ್ಭುತ ಮಾಂತ್ರಿಕ’ನ ಕಥೆಗೆ ಇರುವ ಸ್ಥಾನವು ಸುವಿದಿತವಾದುದು. ಈ ಗ್ರಂಥವು ೧೯೦೦ನೆಯ ಇಸವಿಯಲ್ಲಿ ಷಿಕಾಗೊ ನಗರದ ಜಾರ್ಜ್ ಎಂ. ಹಿಲ್ ಸಂಸ್ಥೆಯಿಂದ ಪ್ರಕಟವಾಯಿತು. ಅಲ್ಲಿಂದ ೩೯ ವರ್ಷಗಳ ತರುವಾಯ, ೧೯೩೯ರಲ್ಲಿ, ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಎಂಬ ಚಿತ್ರಸಂಸ್ಥೆಯು ಇದನ್ನು ವರ್ಣಚಿತ್ರವಾಗಿ ತೆರೆಗೆ ತಂದಿತು. ಕಥಾನಾಯಿಕೆಯಾದ ಡೊರಥಿಯೆಂಬ ಬಾಲಿಕೆಯು ಗ್ರಂಥದಲ್ಲಿ ತೊಡುವುದು ಬೆಳ್ಳಿಯ ಪಾದರಕ್ಷೆಗಳನ್ನು. ಚಿತ್ರದಲ್ಲಿ ತೊಡುವುದು ಮಾಣಿಕ್ಯದ ಕೆಂಪು ಪಾದರಕ್ಷೆಗಳನ್ನು.

ಈ ಒಂದು ವ್ಯತ್ಯಾಸವು ಬಹುಜನರಿಗೆ ತಿಳಿದದ್ದೇ ಆಗಿದೆ. ಹೊಸದಾಗಿ ದೊರೆತ ವರ್ಣಯಂತ್ರದ ಚಮತ್ಕಾರವನ್ನು ತೋರಿಸುವುದಕ್ಕಾಗಿ ಚಿತ್ರಕಾರರು ಮಾಡಿದ ಬಿಡಿ ಮಾರ್ಪಾಟು ಇದೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಸುಳ್ಳಲ್ಲ. ಆದರೆ ಪೂರ್ಣವಾದ ಮಾತೂ ಅಲ್ಲ. ಗ್ರಂಥದಲ್ಲಿ ವರ್ಣಿತವಾದ ಉಡುಪುಗಳನ್ನೂ ಚಿತ್ರದಲ್ಲಿ ಕಾಣುವ ಉಡುಪುಗಳನ್ನೂ ಒಂದೊಂದಾಗಿ ಎದುರೆದುರಿಗೆ ಇಟ್ಟು ನೋಡಿದಲ್ಲಿ, ಬದಲಾದುದು ಪಾದರಕ್ಷೆ ಮಾತ್ರವಲ್ಲ, ಕಥೆಯ ವರ್ಣವ್ಯವಸ್ಥೆಯೇ ಬುಡಮಟ್ಟ ಪಲ್ಲಟವಾಗಿದೆಯೆಂಬುದು ಕಂಡುಬರುತ್ತದೆ. ಬಾಮನ ಗ್ರಂಥದಲ್ಲಿ ಉಡುಪಿನ ಬಣ್ಣವು ದೇಶವನ್ನು ಸೂಚಿಸುತ್ತದೆ. ಚಿತ್ರದಲ್ಲಿ ಅದು ವ್ಯಕ್ತಿಯ ಸ್ವಭಾವವನ್ನು ಸೂಚಿಸುತ್ತದೆ. ಈ ಪಲ್ಲಟಕ್ಕೆ ಕಾರಣಗಳೇನು, ಇದರಿಂದ ಕಥೆಗೆ ಒದಗಿದುದೇನು, ಕಥೆಯಿಂದ ತೊಲಗಿದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಮೂಲಗ್ರಂಥದ ವರ್ಣಕ್ರಮವನ್ನು ಪರಿಶೀಲಿಸಬೇಕು. ಬಾಮನು ಕಥೆಗಾರನಾಗುವುದಕ್ಕೆ ಮುಂಚೆ ಹಲವು ವೃತ್ತಿಗಳನ್ನು ಹಿಡಿದು ಬಿಟ್ಟವನು. ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ ಸರಕನ್ನು ಅಂದವಾಗಿ ಅಣಿಗೊಳಿಸುವ ಕಲೆಯನ್ನು ಕುರಿತು ಆತನು ೧೮೯೭ರಲ್ಲಿ ಒಂದು ಮಾಸಪತ್ರಿಕೆಯನ್ನು ಹೊರಡಿಸಿದನು. ಓಜ್ ಕಥೆಯು ಪ್ರಕಟವಾದ ೧೯೦೦ರಲ್ಲಿಯೇ ಅದೇ ವಿಷಯವಾಗಿ ಒಂದು ಗ್ರಂಥವನ್ನೂ ಪ್ರಕಟಿಸಿದನು. ದಾರಿಹೋಕನ ಕಣ್ಣನ್ನು ಬಣ್ಣದಿಂದ ಸೆಳೆಯುವುದು ಹೇಗೆ, ಗಾಜೂ ದೀಪವೂ ಸೇರಿ ಸಾಧಾರಣವಾದ ವಸ್ತುವನ್ನು ಅಸಾಧಾರಣವಾಗಿ ತೋರಿಸುವುದು ಹೇಗೆ ಎಂಬ ವಿದ್ಯೆಯು ಆತನಿಗೆ ಹೊಟ್ಟೆಯ ಪಾಡಿನ ವಿದ್ಯೆಯಾಗಿತ್ತು. ಈ ಅನುಭವವು ಕಥೆಯೊಳಕ್ಕೂ ಇಳಿದು ಬಂದಿರುವುದನ್ನು ಮುಂದೆ ಕಾಣಬಹುದು.

ಗ್ರಂಥಕ್ಕೆ ಚಿತ್ರಗಳನ್ನು ಬರೆದವನು ಡಬ್ಲ್ಯು. ಡಬ್ಲ್ಯು. ಡೆನ್ಸ್ಲೋ. ಇದರಲ್ಲಿ ೨೪ ವರ್ಣಫಲಕಗಳಿದ್ದುವು. ಇವಲ್ಲದೆ ಪುಟಗಳ ಮೇಲೆ ಅಕ್ಷರಗಳ ನಡುನಡುವೆ ಅಚ್ಚಾದ ಚಿತ್ರಗಳೂ ಹೇರಳವಾಗಿದ್ದುವು. ಇವುಗಳ ಬಣ್ಣವು ಕಥೆಯು ನಡೆಯುವ ದೇಶಕ್ಕೆ ಅನುಸಾರವಾಗಿ ಬದಲಾಗುತ್ತ ಹೋಗುತ್ತದೆ. ಮಂಚ್ಕಿನರ ದೇಶದಲ್ಲಿ ಕಥೆ ನಡೆಯುವಾಗ ಪುಟವು ನೀಲಿ. ಪಚ್ಚೆಯ ನಗರಕ್ಕೆ ಬಂದಾಗ ಹಸಿರು. ಓದಲು ಬಾರದ ಮಗುವೂ ಪುಟ ತಿರುವಿದ ಮಾತ್ರದಿಂದಲೇ ತಾನು ಯಾವ ಸೀಮೆಯಲ್ಲಿರುವೆನೆಂಬುದನ್ನು ತಿಳಿಯಬಹುದಾಗಿತ್ತು.

ಕಥೆಯ ಆರಂಭವು ಕಾನ್ಸಾಸ್ ಪ್ರಾಂತದ ಬಯಲಿನಲ್ಲಿ. ಅಲ್ಲಿ ಸಮಸ್ತವೂ ಬೂದುಬಣ್ಣ. ಉತ್ತ ನೆಲ, ಒಣಗಿದ ಹುಲ್ಲು, ಬಿಸಿಲಿಗೆ ಬಣ್ಣ ಸುಲಿದುಹೋದ ಮನೆ, ಕಡೆಗೆ ಡೊರಥಿಯ ಚಿಕ್ಕಮ್ಮನ ಕಣ್ಣು ಕೆನ್ನೆಗಳು, ಚಿಕ್ಕಪ್ಪನ ಗಡ್ಡ, ಎಲ್ಲಕ್ಕೂ ಅದೇ ಬೂದಿಯ ಛಾಯೆ. ಬಿರುಗಾಳಿಯು ಮನೆಯನ್ನು ಎತ್ತಿಕೊಂಡು ಹೋಗಿ ಓಜ್ ದೇಶದಲ್ಲಿ ಇಳಿಸಿದ ಮೇಲೆ ಬಣ್ಣಗಳ ರಾಜ್ಯವು ಮೊದಲಾಗುತ್ತದೆ. ಪೂರ್ವದಲ್ಲಿ ಮಂಚ್ಕಿನರ ನೀಲಿ, ಪಶ್ಚಿಮದಲ್ಲಿ ವಿಂಕಿಗಳ ಹಳದಿ, ದಕ್ಷಿಣದಲ್ಲಿ ಕ್ವಾಡ್ಲಿಂಗರ ಕೆಂಪು, ನಡುವೆ ಪಚ್ಚೆಯ ನಗರದ ಹಸಿರು. ಉತ್ತರದೇಶದ ಊದಾ ಬಣ್ಣವು ೧೯೦೪ರಲ್ಲಿ ಪ್ರಕಟವಾದ ಎರಡನೆಯ ಗ್ರಂಥದಲ್ಲಿ ಸೇರಿತು. ಆಯಾ ದೇಶದ ಪ್ರಜೆಗಳು ಆಯಾ ಬಣ್ಣದ ಬಟ್ಟೆಯನ್ನೇ ಉಡುತ್ತಾರೆ. ಹೊಲದಲ್ಲಿ ನಿಂತ ಬೆದರುಬೊಂಬೆಗೆ ತೊಡಿಸಿರುವುದೂ ಮಂಚ್ಕಿನನೊಬ್ಬನು ಉಟ್ಟು ಬಿಟ್ಟ ನೀಲಿಯ ಹಳೆಯ ಅಂಗಿಯನ್ನೇ.

ಈ ಕ್ರಮಕ್ಕೆ ಹೊರತಾದ ಬಣ್ಣವೊಂದುಂಟು, ಅದು ಬಿಳುಪು. ಬಿಳುಪು ಯಾವ ದೇಶಕ್ಕೂ ಸೇರಿದುದಲ್ಲ, ಮಂತ್ರವಿದ್ಯೆಯುಳ್ಳವರಿಗೆ ಸೇರಿದುದು. ಉತ್ತರದ ಒಳ್ಳೆಯ ಮಾಟಗಾತಿಯೂ ದಕ್ಷಿಣದ ಗ್ಲಿಂಡಾ ಎಂಬವಳೂ ಬಿಳಿಯ ನಿಲುವಂಗಿಯನ್ನು ತೊಡುತ್ತಾರೆ. ಡೊರಥಿಯ ಉಡುಪಾದರೋ ನೀಲಿ ಮತ್ತು ಬಿಳಿ ಚೌಕಳಿಗಳುಳ್ಳ, ಒಗೆದೊಗೆದು ಬಣ್ಣ ಮಾಸಿದ, ಅಗ್ಗದ ನೂಲಿನ ಬಟ್ಟೆ. ಇದನ್ನು ಕಂಡ ಮಂಚ್ಕಿನ್ ರೈತನೊಬ್ಬನು ಆಕೆಯನ್ನು ಮಾಟಗಾತಿಯೆಂದೇ ನಿಶ್ಚಯಿಸುತ್ತಾನೆ. ಬಿಳುಪು ಇರುವುದರಿಂದ ಮಂತ್ರವಿದ್ಯೆಯುಳ್ಳವಳು. ನೀಲಿ ಇರುವುದರಿಂದ ಮಂಚ್ಕಿನರ ಹಿತೈಷಿ. ತನ್ನ ಬಡತನದ ಅಂಗಿಯು ಪರದೇಶದಲ್ಲಿ ರಾಯಭಾರಪತ್ರದಂತೆ ಓದಲ್ಪಡುತ್ತಿರುವುದನ್ನು ಆ ಮಗುವು ಅರಿಯದು. ಇಡೀ ಗ್ರಂಥದಲ್ಲಿ ಉಡುಪಿನ ಬಣ್ಣವು ಮಾಡುವ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಪಚ್ಚೆಯ ನಗರದ ಪ್ರಸಂಗವನ್ನೂ ಇಲ್ಲಿ ಗಮನಿಸಬೇಕು. ನಗರದ ಬಾಗಿಲ ಕಾವಲುಗಾರನು ಒಳಹೊಕ್ಕವರೆಲ್ಲರ ಕಣ್ಣಿಗೂ ಹಸಿರುಗಾಜಿನ ಕನ್ನಡಕವನ್ನು ತೊಡಿಸಿ ಬೀಗ ಹಾಕುತ್ತಾನೆ. ಅರಮನೆಯಲ್ಲಿ ಡೊರಥಿಗೆ ಹಸಿರು ರೇಷ್ಮೆಯ ಉಡುಪನ್ನು ಕೊಡುತ್ತಾರೆ. ಆಕೆಯ ನಾಯಿಮರಿಯ ಕೊರಳಿಗೂ ಹಸಿರು ಪಟ್ಟಿಯನ್ನು ಕಟ್ಟುತ್ತಾರೆ. ನಗರವನ್ನು ಬಿಟ್ಟು ಹೊರಗೆ ಬಂದು ಕನ್ನಡಕವನ್ನು ತೆಗೆದ ಮೇಲೆ ನೋಡಿದರೆ ಉಡುಪೂ ಪಟ್ಟಿಯೂ ಅಚ್ಚಬಿಳುಪು. ಆ ನಗರವು ಬೇರೆ ನಗರಗಳಿಗಿಂತ ಹೆಚ್ಚು ಹಸಿರಾದುದೇನೂ ಅಲ್ಲವೆಂದು ಮಾಂತ್ರಿಕನೇ ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯೆಂಬ ಗಾದೆಯನ್ನು ಒಬ್ಬ ಅರಸನು ರಾಜನೀತಿಯಾಗಿ ಮಾಡಿಕೊಂಡಂತೆ ಇದೆ ಈ ಸಂವಿಧಾನ. ಅಂಗಡಿಯ ಕಿಟಕಿಯ ಮರ್ಮವನ್ನು ಬಲ್ಲ ಬಾಮನು, ದೇಶಗಳಿಗೆ ಬಣ್ಣಗಳನ್ನು ಹಂಚಿದ ಕೈಯಿಂದಲೇ, ಬಣ್ಣವನ್ನು ನಂಬಬಾರದೆಂಬ ಎಚ್ಚರಿಕೆಯನ್ನೂ ಮಕ್ಕಳಿಗೆ ಕೊಟ್ಟನು.

೩

ಇನ್ನು ಚಿತ್ರದ ಕಡೆಗೆ ತಿರುಗಬಹುದು. ಓಜ್ ಕಥೆಯು ೧೯೦೨ರಲ್ಲಿ ಷಿಕಾಗೊ ನಗರದಲ್ಲಿ ಸಂಗೀತ ನಾಟಕವಾಗಿ ರಂಗವನ್ನೇರಿತ್ತು. ೧೯೧೦ರಲ್ಲಿಯೂ ೧೯೨೫ರಲ್ಲಿಯೂ ಮೂಕಚಿತ್ರಗಳಾಗಿ ಬಂದಿತ್ತು. ಆದರೆ ಕಪ್ಪುಬಿಳುಪಿನ ಮೂಕಚಿತ್ರದಲ್ಲಿ ಬಾಮನ ವರ್ಣಭೂಗೋಳಕ್ಕೆ ಎಡೆಯಿರಲಿಲ್ಲ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ಚಿತ್ರವು ೧೯೩೭ರ ಕೊನೆಯಲ್ಲಿ ಹೊರಬಂದು ಅಪಾರವಾದ ಜನಾದರವನ್ನು ಪಡೆದುದರಿಂದ, ಮಕ್ಕಳ ಅದ್ಭುತಕಥೆಯನ್ನು ಬಣ್ಣದಲ್ಲಿ ತೋರಿಸಿದರೆ ಹಣವೂ ಕೀರ್ತಿಯೂ ಬರುವುದೆಂಬ ಧೈರ್ಯವು ಇತರ ಸಂಸ್ಥೆಗಳಿಗೆ ಉಂಟಾಯಿತು. ಓಜ್ ಕಥೆಯ ಚಿತ್ರದ ಹಕ್ಕು ಆಗ ಸ್ಯಾಮ್ಯುಯಲ್ ಗೋಲ್ಡ್‌ವಿನನ ವಶದಲ್ಲಿತ್ತು. ಅದನ್ನು ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯು ೧೯೩೮ರಲ್ಲಿ ಕೊಂಡುಕೊಂಡಿತು. ನಿರ್ಮಾಣದ ಹೊಣೆಯು ಮರ್ವಿನ್ ಲಿರಾಯ್ ಎಂಬವನದು. ವೇಷಕಲ್ಪನೆಯ ಹೊಣೆಯು ಏಡ್ರಿಯನ್ (೧೯೦೩–೧೯೫೯) ಎಂಬವನದು. ಹಲವರು ಬದಲಾದ ತರುವಾಯ ನಿರ್ದೇಶಕನ ಸ್ಥಾನದಲ್ಲಿ ಉಳಿದ ಹೆಸರು ವಿಕ್ಟರ್ ಫ್ಲೆಮಿಂಗನದು.

ವೇಷಗಳ ಬಣ್ಣವನ್ನು ನಿರ್ಣಯಿಸುವ ಅಧಿಕಾರವು ಏಡ್ರಿಯನನೊಬ್ಬನ ಕೈಯಲ್ಲಿಯೇ ಇರಲಿಲ್ಲ. ಅಂದು ಪೂರ್ಣವರ್ಣದ ಚಿತ್ರವನ್ನು ತೆಗೆಯಬೇಕಾದರೆ ಟೆಕ್ನಿಕಲರ್ ಸಂಸ್ಥೆಯ ಮೂರು ಸುರುಳಿಗಳ ಯಂತ್ರವನ್ನು ಬಾಡಿಗೆಗೆ ತರಬೇಕಾಗಿತ್ತು. ಇದರಿಂದ ತೆಗೆದ ಮೊದಲನೆಯ ಪೂರ್ಣಪ್ರಮಾಣದ ಕಥಾಚಿತ್ರವು ೧೯೩೫ರ ‘ಬೆಕಿ ಷಾರ್ಪ್’. ಯಂತ್ರದ ಸಂಗಡ ಆ ಸಂಸ್ಥೆಯ ವರ್ಣನಿರ್ದೇಶಕಿಯಾದ ನ್ಯಾಟಲಿ ಕಾಲ್ಮಸಳ ಸಲಹೆಯನ್ನೂ ಅಂಗೀಕರಿಸಬೇಕಾಗಿತ್ತು. ಬಣ್ಣಗಳಿಗೂ ಮನೋಭಾವಗಳಿಗೂ ನಿಯತವಾದ ಸಂಬಂಧವಿದೆಯೆಂದೂ, ಬಣ್ಣವು ಕಥೆಯ ಭಾವಕ್ಕೆ ಅನುಗುಣವಾಗಿರಬೇಕೆಂದೂ, ಅತಿಯಾದ ಬಣ್ಣವು ಕಣ್ಣನ್ನು ದಣಿಸುವುದೆಂದೂ ಆಕೆಯು ೧೯೩೫ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದ್ದಳು. ಬಣ್ಣವನ್ನು ದೇಶಕ್ಕೆ ಕಟ್ಟಿದ ಬಾಮನ ಕ್ರಮಕ್ಕೂ, ಭಾವಕ್ಕೆ ಕಟ್ಟಿದ ಈ ಸಿದ್ಧಾಂತಕ್ಕೂ ಇರುವ ಅಂತರವು ಇಲ್ಲಿಯೇ ವ್ಯಕ್ತವಾಗುತ್ತದೆ.

ಯಂತ್ರದ ಸ್ವಭಾವವನ್ನೂ ಸ್ವಲ್ಪ ತಿಳಿಯುವುದು ಅವಶ್ಯಕ. ಮಸೂರದ ಮೂಲಕ ಒಳಬಂದ ಬೆಳಕನ್ನು ಈ ಯಂತ್ರದೊಳಗಿನ ಗಾಜಿನ ಪಟ್ಟಕವು ಒಡೆದು ಮೂರು ಸುರುಳಿಗಳಿಗೆ ಹಂಚುತ್ತಿತ್ತು. ಕೆಂಪು, ಹಸಿರು, ನೀಲಿ ಈ ಮೂರರ ಪ್ರಮಾಣಗಳನ್ನು ದಾಖಲೆ ಮಾಡುತ್ತಿದ್ದ ಆ ಸುರುಳಿಗಳು ಕಪ್ಪುಬಿಳುಪಿನವೇ. ಅನಂತರ ಕಾರ್ಖಾನೆಯಲ್ಲಿ ಮೂರು ಅಚ್ಚುಗಳನ್ನು ಮಾಡಿ, ಅವಕ್ಕೆ ಮೂರು ಬಗೆಯ ರಂಗನ್ನು ಹಿಡಿಸಿ, ಬಟ್ಟೆಗೆ ಅಚ್ಚೊತ್ತುವಂತೆ ಒಂದರ ಮೇಲೊಂದನ್ನು ಒಂದೇ ಸುರುಳಿಯ ಮೇಲೆ ಒತ್ತುತ್ತಿದ್ದರು. ಆದುದರಿಂದ ತೆರೆಯ ಮೇಲೆ ಕಾಣುವ ಕೆಂಪು, ನಟಿಯು ತೊಟ್ಟಿದ್ದ ಕೆಂಪಲ್ಲ. ಕಾರ್ಖಾನೆಯ ರಂಗಿನಿಂದ ಮತ್ತೆ ಹುಟ್ಟಿಸಿದ ಕೆಂಪು. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಅಚ್ಚಬಿಳಿಯ ಬಟ್ಟೆಯು ಕಣ್ಣು ಕೋರೈಸುವಂತೆ ಬೆಳಗಿ ಉಳಿದುದನ್ನು ಕೆಡಿಸುತ್ತಿತ್ತು. ಕೆಲವು ಕೆಂಪುಗಳು ಕಿತ್ತಿಳೆಯ ಕಡೆಗೆ ಜಾರುತ್ತಿದ್ದುವು. ವೇಷಗಾರನು ಕಣ್ಣಿಗೆ ಚೆಂದವಾದುದನ್ನಲ್ಲ, ಯಂತ್ರಕ್ಕೆ ಚೆಂದವಾಗಿ ಕಾಣುವುದನ್ನು ಹೊಲಿಸಬೇಕಾಗಿತ್ತು.

೪

ಈಗ ಒಂದೊಂದು ವೇಷವನ್ನಾಗಿ ತೆಗೆದುಕೊಳ್ಳಬಹುದು.

ಪಾದರಕ್ಷೆಗಳು: ಬೆಳ್ಳಿಯನ್ನು ಮಾಣಿಕ್ಯವಾಗಿ ಬದಲಾಯಿಸಿದವನು ಚಿತ್ರಕಥೆಯ ಲೇಖಕರಲ್ಲಿ ಒಬ್ಬನಾದ ನೋಯಲ್ ಲ್ಯಾಂಗ್ಲಿ, ಕಾಲವು ೧೯೩೮ರ ಮೇ ತಿಂಗಳು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೆಳ್ಳಿಯು ವರ್ಣಚಿತ್ರದಲ್ಲಿ ಬಿಳಿಯಾಗಿಯೋ ಬೂದಿಯಾಗಿಯೋ ತೋರುವ ವಸ್ತು; ಕಥೆಯುದ್ದಕ್ಕೂ ಡೊರಥಿಯು ನಡೆಯುವುದು ಹಳದಿ ಇಟ್ಟಿಗೆಯ ದಾರಿಯ ಮೇಲೆ. ಹಳದಿಯ ಮೇಲೆ ಕೆಂಪು ಎದ್ದು ಕಾಣುವಂತೆ ಬೆಳ್ಳಿ ಕಾಣಲಾರದು. ರಕ್ಷೆಗಳಿಗೆ ಕೆಂಪು ರಂಗನ್ನು ಹಾಕಿ, ತೆಳುವಾದ ಬಲೆಬಟ್ಟೆಗೆ ಪೋಣಿಸಿದ ಚಮಕಿ ಬಿಲ್ಲೆಗಳನ್ನು ಅವುಗಳ ಮೇಲೆ ಹೊದಿಸಿದರು. ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿರುವ ಜೊತೆಯಲ್ಲಿ ಒಂದೊಂದು ರಕ್ಷೆಗೂ ಸುಮಾರು ೨,೪೦೦ ಬಿಲ್ಲೆಗಳಿವೆ. ಬಿಲ್ಲೆಗಳ ಬಣ್ಣವು ಉಜ್ಜ್ವಲವಾದ ಕೆಂಪಲ್ಲ, ದ್ರಾಕ್ಷಾರಸದಂತಹ ಕಪ್ಪುಗೆಂಪು. ತೆರೆಯ ಮೇಲೆ ಮಾಣಿಕ್ಯವು ಮಾಣಿಕ್ಯವಾಗಿ ಕಾಣಬೇಕಾದರೆ ರಂಗಮಂದಿರದಲ್ಲಿ ಅದು ಮಾಣಿಕ್ಯಕ್ಕಿಂತ ಕಂದಿದ್ದಾಗಿರಬೇಕಾಗಿತ್ತು. ಇನ್ನೊಂದು ಸಂಗತಿ: ಬಾಮನ ಗ್ರಂಥದಲ್ಲಿ ಮಾಣಿಕ್ಯವು ಇಲ್ಲದಿಲ್ಲ. ಕೆಂಪು ದೇಶದ ಒಡತಿಯಾದ ಗ್ಲಿಂಡಾ ಕುಳಿತುಕೊಳ್ಳುವುದು ಮಾಣಿಕ್ಯದ ಸಿಂಹಾಸನದ ಮೇಲೆ. ಗ್ರಂಥದ ಲೆಕ್ಕದಲ್ಲಿ ದಕ್ಷಿಣದೇಶದ ಗುರುತಾದ ರತ್ನವನ್ನು ಚಿತ್ರವು ಪೂರ್ವದೇಶದ ಮಾಟಗಾತಿಯ ಕಾಲಿಗೆ ತೊಡಿಸಿತು. ದೇಶಕ್ಕೂ ಬಣ್ಣಕ್ಕೂ ಇದ್ದ ನಂಟು ಕಡಿದುಹೋದುದಕ್ಕೆ ಇದು ಒಳ್ಳೆಯ ಪ್ರಮಾಣ.

ಡೊರಥಿಯ ಉಡುಪು: ನೀಲಿ ಬಿಳುಪಿನ ಚೌಕಳಿಯು ಚಿತ್ರದಲ್ಲಿಯೂ ಉಳಿಯಿತು. ಬಣ್ಣವು ಉಳಿದರೂ ಅರ್ಥವು ಉಳಿಯಲಿಲ್ಲ. ಏಕೆಂದರೆ ಚಿತ್ರದ ಮಂಚ್ಕಿನರು ನೀಲಿಯೊಂದನ್ನೇ ಉಡದೆ ನಾನಾ ಬಣ್ಣಗಳಿಂದ ಮೆರೆಯುತ್ತಾರೆ, ಒಳ್ಳೆಯ ಮಾಟಗಾತಿಯು ಬಿಳುಪನ್ನು ಉಡುವುದಿಲ್ಲ. ಉಡುಪಿನ ಒಳಗಿನ ಕುಪ್ಪಸವು ತೆರೆಯ ಮೇಲೆ ಬಿಳಿಯಾಗಿ ತೋರುತ್ತದೆ. ನಿಜದಲ್ಲಿ ಅದು ತೆಳು ಗುಲಾಬಿ. ೧೯೩೮ರ ಅಕ್ಟೋಬರಿನಲ್ಲಿ ಚಿತ್ರೀಕರಣವು ಆರಂಭವಾದಾಗ ನಟಿ ಜೂಡಿ ಗಾರ್ಲೆಂಡಳಿಗೆ ಹೊಂಬಣ್ಣದ ಕೃತಕಕೇಶವನ್ನೂ ಬೊಂಬೆಯಂತಹ ಮುಖಲೇಪವನ್ನೂ ಹಚ್ಚಿದ್ದರು. ಸ್ವಲ್ಪ ಕಾಲ ಸಲಹೆಗಾರನಾಗಿ ಬಂದ ಜಾರ್ಜ್ ಕ್ಯೂಕರನು ಅವನ್ನು ತೆಗೆಸಿ, ಕಾನ್ಸಾಸಿನ ಹಳ್ಳಿಯ ಹುಡುಗಿಯಂತೆ ಇರಬೇಕೆಂದು ವಿಧಿಸಿದನು. ಸುತ್ತಲಿನ ಲೋಕವು ಬಣ್ಣಬಣ್ಣವಾಗಿರಬೇಕಾದರೆ ನೋಡುವವಳು ಸಾದಾ ಆಗಿರಬೇಕೆಂಬ ಈ ವಿವೇಕವು ಚಿತ್ರಕ್ಕೆ ಮಹೋಪಕಾರವನ್ನು ಮಾಡಿತು.

ಕಾನ್ಸಾಸಿನ ಬೂದುಬಣ್ಣವನ್ನು ಚಿತ್ರಕಾರರು ಕೈಬಿಡಲಿಲ್ಲ. ಆ ಭಾಗವನ್ನು ಕಪ್ಪುಬಿಳುಪಿನಲ್ಲಿ ತೆಗೆದು ಸೆಪಿಯಾ ಎಂಬ ಕಂದುಛಾಯೆಯನ್ನು ಹಿಡಿಸಿದರು. ಡೊರಥಿಯು ಮನೆಯ ಬಾಗಿಲನ್ನು ತೆರೆದು ಓಜ್ ದೇಶವನ್ನು ಕಾಣುವ ಸಂಧಿಯಲ್ಲಿ ಒಂದೇ ಚಿತ್ರಿಕೆಯೊಳಗೆ ಕಂದೂ ಬಣ್ಣವೂ ಕೂಡಬೇಕಾಗಿತ್ತು. ಇದಕ್ಕಾಗಿ ಮನೆಯ ಒಳಭಾಗಕ್ಕೆ ಕಂದುಬಣ್ಣವನ್ನೇ ಬಳಿದರು. ಗಾರ್ಲೆಂಡಳ ಪ್ರತಿನಿಧಿಯಾದ ನಟಿಗೆ ಕಂದುಬಣ್ಣದ ಚೌಕಳಿಯ ಉಡುಪನ್ನು ತೊಡಿಸಿದರು. ಆಕೆಯು ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತಾಳೆ. ಮರುಕ್ಷಣದಲ್ಲಿ ಗಾರ್ಲೆಂಡಳು ನೀಲಿಯ ಉಡುಪಿನಲ್ಲಿ ಮುಂದೆ ಬರುತ್ತಾಳೆ. ಪ್ರೇಕ್ಷಕನು ಬಣ್ಣವಿಲ್ಲದ ಲೋಕವೆಂದು ಭಾವಿಸುವ ಆ ಕ್ಷಣವು ವರ್ಣಯಂತ್ರದಿಂದಲೇ ತೆಗೆದುದು. ಬಣ್ಣವಿಲ್ಲವೆಂಬುದನ್ನು ತೋರಿಸಲು ಅಲ್ಲಿ ಬಳಿದದ್ದು ಬಣ್ಣವನ್ನೇ.

ಗ್ಲಿಂಡಾ: ಗ್ರಂಥದ ಎರಡು ಒಳ್ಳೆಯ ಮಾಟಗಾತಿಯರನ್ನು ಚಿತ್ರವು ಒಬ್ಬಳನ್ನಾಗಿ ಮಾಡಿತು. ಬಿಲೀ ಬರ್ಕ್ ಎಂಬ ನಟಿಯು ಧರಿಸಿದ ಈ ಪಾತ್ರಕ್ಕೆ ಏಡ್ರಿಯನನು ಕೊಟ್ಟ ಬಣ್ಣವು ಗುಲಾಬಿ. ಬಿಳುಪನ್ನು ಸಹಿಸದ ಯಂತ್ರವು ಇದಕ್ಕೆ ಒಂದು ಕಾರಣವಾಗಿರಬಹುದು. ಪರಿಣಾಮವು ಮಾತ್ರ ಬೇರೆ ಬಗೆಯದು: ಬಿಳುಪು ವಿದ್ಯೆಯ ಗುರುತಾಗಿತ್ತು, ಗುಲಾಬಿಯು ವಾತ್ಸಲ್ಯದ ಗುರುತಾಯಿತು.

ದುಷ್ಟ ಮಾಟಗಾತಿ: ಎಲ್ಲಕ್ಕಿಂತ ದೊಡ್ಡ ಮಾರ್ಪಾಟು ಇದೇ. ಗ್ರಂಥದ ಪಶ್ಚಿಮದ ಮಾಟಗಾತಿಯು ಒಕ್ಕಣ್ಣಿನವಳು, ಕೊಡೆಯನ್ನು ಹಿಡಿದವಳು. ಆಕೆಯ ಮೈಬಣ್ಣವು ಹಸಿರೆಂದು ಎಲ್ಲಿಯೂ ಹೇಳಿಲ್ಲ. ಚಿತ್ರಕಾರರು ಮೊದಲು ಈ ಪಾತ್ರವನ್ನು ಸುಂದರಿಯನ್ನಾಗಿ ಕಲ್ಪಿಸಿ, ಗೇಲ್ ಸಾಂಡರ್ಗಾರ್ಡ್ ಎಂಬ ನಟಿಗೆ ಕಪ್ಪು ಚಮಕಿಯ ಉಡುಪನ್ನು ತೊಡಿಸಿ ಪರೀಕ್ಷಿಸಿದ್ದರು. ಪಾತ್ರವು ಕುರೂಪಿಯಾಗಬೇಕೆಂದು ನಿಶ್ಚಯವಾದ ಮೇಲೆ ಆಕೆಯು ಹಿಂದೆಗೆದಳು. ಮಾರ್ಗರೆಟ್ ಹ್ಯಾಮಿಲ್ಟನ್ ಎಂಬಾಕೆಯು ಬಂದಳು. ಉಡುಪು ಕಪ್ಪು, ಮುಖವೂ ಕೈಗಳೂ ಹಸಿರು. ಹಳದಿಯುಡುಪಿನ ವಿಂಕಿಗಳ ಸ್ಥಾನದಲ್ಲಿ ಹಸಿರು ಮೊಗದ ಕಾವಲುಗಾರರು ಕಾಣಿಸಿಕೊಂಡರು. ಬಣ್ಣವು ಬಟ್ಟೆಯನ್ನು ಬಿಟ್ಟು ಚರ್ಮಕ್ಕೆ ಹತ್ತಿತು. ಬಟ್ಟೆಯ ಬಣ್ಣವನ್ನು ಗಡಿ ದಾಟಿದಾಗ ಬದಲಾಯಿಸಬಹುದು. ಚರ್ಮದ ಬಣ್ಣವನ್ನು ಬದಲಾಯಿಸುವಂತಿಲ್ಲ. ದುಷ್ಟತನವು ಹುಟ್ಟುಗುಣವೆಂಬ ಭಾವನೆಯನ್ನು ಚಿತ್ರವು ಮಾತಿನಿಂದಲ್ಲ, ಲೇಪದಿಂದ ಸ್ಥಾಪಿಸಿತು.

ಪಚ್ಚೆಯ ನಗರವು ಚಿತ್ರದಲ್ಲಿ ನಿಜವಾಗಿಯೇ ಹಸಿರು. ಕನ್ನಡಕದ ಪ್ರಸಂಗವೇ ಅಲ್ಲಿಲ್ಲ. ಬಣ್ಣವನ್ನು ತೋರಿಸಿ ಪ್ರೇಕ್ಷಕನನ್ನು ಒಲಿಸಿಕೊಳ್ಳಬೇಕಾದ ಚಿತ್ರವು, ಬಣ್ಣವು ಮೋಸವೆಂದು ಹೇಳುವ ಅಧ್ಯಾಯವನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲವೆಂದು ತಿಳಿಯುವುದೇ ಯುಕ್ತ.

೫

ಈ ಬಣ್ಣಗಳಿಗೆ ತೆತ್ತ ಬೆಲೆಯನ್ನು ಹೇಳದೆ ಇತಿಹಾಸವು ಪೂರ್ಣವಾಗದು. ವರ್ಣಯಂತ್ರಕ್ಕೆ ವಿಪರೀತವಾದ ಬೆಳಕು ಬೇಕಾಗಿತ್ತು. ದೀಪಗಳ ಕಾವಿನಿಂದ ರಂಗಮಂದಿರದ ಉಷ್ಣವು ೧೦೦ ಡಿಗ್ರಿ ಫ್ಯಾರನ್‌ಹೀಟನ್ನು ಮೀರುತ್ತಿತ್ತು. ಅಂಜುಬುರುಕ ಸಿಂಹದ ಪಾತ್ರವನ್ನು ವಹಿಸಿದ ಬರ್ಟ್ ಲಾರನು ನಿಜವಾದ ಸಿಂಹದ ಚರ್ಮವನ್ನು ಹೊದ್ದು ಆ ಕಾವಿನಲ್ಲಿ ನಟಿಸಬೇಕಾಯಿತು.

ತಗಡಿನ ಮನುಷ್ಯನ ಪಾತ್ರವು ಮೊದಲು ಬಡ್ಡಿ ಎಬ್ಸನನದಾಗಿತ್ತು. ಲೋಹದ ಹೊಳಪು ಬರಲೆಂದು ಆತನ ಮುಖಕ್ಕೆ ಅಲ್ಯೂಮಿನಿಯಂ ಪುಡಿಯನ್ನು ಹಚ್ಚಿದರು. ೧೯೩೮ರ ಅಕ್ಟೋಬರಿನಲ್ಲಿ, ಚಿತ್ರೀಕರಣವು ಆರಂಭವಾಗಿ ಕೆಲವೇ ದಿನಗಳಲ್ಲಿ, ಪುಡಿಯು ಶ್ವಾಸಕೋಶವನ್ನು ಸೇರಿ ಆತನಿಗೆ ಉಸಿರಾಟವೇ ಕಷ್ಟವಾಯಿತು. ಆಸ್ಪತ್ರೆಯಿಂದ ಆತನು ಆ ಪಾತ್ರಕ್ಕೆ ಹಿಂದಿರುಗಲಿಲ್ಲ. ಅನಂತರ ಬಂದ ಜ್ಯಾಕ್ ಹೇಲಿಗೆ ಪುಡಿಯ ಬದಲು ಅಲ್ಯೂಮಿನಿಯಂ ಮುಲಾಮನ್ನು ಹಚ್ಚಿದರು; ಅದರಿಂದ ಆತನ ಕಣ್ಣಿಗೆ ಬಾಧೆಯಾಯಿತು. ಗ್ರಂಥದಲ್ಲಿ ಒಂದು ತಗಡಿನ ದೇಹದ ವರ್ಣನೆಗೆ ಶಾಯಿಯ ಹೊರತು ಬೇರೆ ವ್ಯಯವಿರಲಿಲ್ಲ.

ಹ್ಯಾಮಿಲ್ಟನಳಿಗೆ ಆದ ಅಪಾಯವು ಇನ್ನೂ ದಾರುಣವಾದುದು. ೧೯೩೮ರ ಡಿಸೆಂಬರ್ ೨೩ರಂದು ಮಾಟಗಾತಿಯು ಬೆಂಕಿಹೊಗೆಗಳ ನಡುವೆ ಮಾಯವಾಗುವ ದೃಶ್ಯವನ್ನು ತೆಗೆಯುತ್ತಿರುವಾಗ, ನೆಲದ ಗುಪ್ತದ್ವಾರದಿಂದ ಆಕೆಯು ಕೆಳಗಿಳಿಯುವುದಕ್ಕೆ ಮೊದಲೇ ಬೆಂಕಿಯು ಎದ್ದಿತು. ಮುಖವೂ ಕೈಯೂ ಸುಟ್ಟುವು. ಹಸಿರು ಲೇಪದಲ್ಲಿ ತಾಮ್ರವಿದ್ದುದರಿಂದ ಅದು ಗಾಯಕ್ಕೆ ಇಳಿಯದಂತೆ ತತ್‌ಕ್ಷಣವೇ ತೊಳೆಯಬೇಕಾಯಿತು. ಸುಟ್ಟ ಚರ್ಮದ ಮೇಲೆ ಆಲ್ಕೋಹಾಲನ್ನು ಹಚ್ಚಿ ಅದನ್ನು ತೆಗೆದರು. ಸುಮಾರು ಆರು ವಾರಗಳ ತರುವಾಯ ಆಕೆಯು ಕೆಲಸಕ್ಕೆ ಹಿಂದಿರುಗಿದಳು, ಬೆಂಕಿಯ ದೃಶ್ಯಗಳಲ್ಲಿ ಇನ್ನು ಪಾಲ್ಗೊಳ್ಳೆನೆಂದು ನಿರಾಕರಿಸಿದಳು. ತೆರೆಯ ಮೇಲೆ ಸ್ವಭಾವದುಷ್ಟಳ ಚಿಹ್ನೆಯಾಗಿ ನಿಂತ ಆ ಹಸಿರು, ಅದನ್ನು ಧರಿಸಿದ ನಿರಪರಾಧಿನಿಗೆ ವಿಷವಾಗಿತ್ತೆಂಬುದನ್ನು ಮರೆಯಬಾರದು.

೬

ಚಿತ್ರವು ೧೯೩೯ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಸಂಗೀತಕ್ಕೂ ಹಾಡಿಗೂ ಅಕಾಡೆಮಿಯ ಪ್ರಶಸ್ತಿಗಳು ದೊರೆತುವು. ವೇಷಕಲ್ಪನೆಗೆ ಪ್ರಶಸ್ತಿಯನ್ನು ಕೊಡುವ ಪದ್ಧತಿಯು ೧೯೪೮ರ ಚಿತ್ರಗಳಿಂದ ಆರಂಭವಾದುದರಿಂದ ಏಡ್ರಿಯನನ ಕೆಲಸಕ್ಕೆ ಆ ಮನ್ನಣೆಯು ಸಲ್ಲುವಂತಿರಲಿಲ್ಲ. ೧೯೪೯ರಲ್ಲಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದಾಗ ಕಾನ್ಸಾಸ್ ಭಾಗದ ಕಂದುಛಾಯೆಯನ್ನು ಬಿಟ್ಟು ಬರಿಯ ಕಪ್ಪುಬಿಳುಪಿನಲ್ಲಿ ಅಚ್ಚುಹಾಕಿದರು. ಮೂಲದ ಛಾಯೆಯು ಹಿಂದಿರುಗಿದುದು ೧೯೮೯ರಲ್ಲಿ, ಚಿತ್ರದ ೫೦ನೆಯ ವರ್ಷದ ಸಂದರ್ಭದಲ್ಲಿ. ೧೯೫೬ರ ನವೆಂಬರ್ ೩ರಂದು ಚಿತ್ರವು ಅಮೆರಿಕಾದಲ್ಲಿ ಮೊದಲ ಬಾರಿ ದೂರದರ್ಶನದಲ್ಲಿ ಪ್ರಸಾರವಾದಾಗ ಬಹುಪಾಲು ಮನೆಗಳಲ್ಲಿದ್ದ ಯಂತ್ರಗಳು ಕಪ್ಪುಬಿಳುಪಿನವು. ಇಷ್ಟು ಹಣ, ಇಷ್ಟು ಶ್ರಮ, ಇಷ್ಟು ನೋವಿನಿಂದ ಪಡೆದ ಬಣ್ಣಗಳು ಆ ಮನೆಗಳ ಮಕ್ಕಳಿಗೆ ಕಾಣಲೇ ಇಲ್ಲ. ಅವರ ಪಾಲಿಗೆ ಓಜ್ ದೇಶವೂ ಕಾನ್ಸಾಸಿನಂತೆಯೇ ಬೂದಿಯಾಗಿತ್ತು.

ಬೆಳ್ಳಿಯ ಪಾದರಕ್ಷೆಗಳ ವಿಷಯವು ಪಂಡಿತರ ಚರ್ಚೆಗೂ ಬಂದಿತು. ೧೯೬೪ರಲ್ಲಿ ಹೆನ್ರಿ ಲಿಟಲ್‌ಫೀಲ್ಡ್ ಎಂಬ ಅಧ್ಯಾಪಕನು, ೧೮೯೦ರ ದಶಕದಲ್ಲಿ ಅಮೆರಿಕಾದಲ್ಲಿ ನಡೆದ ನಾಣ್ಯವಿವಾದಕ್ಕೆ ಈ ಕಥೆಯು ರೂಪಕವೆಂದೂ, ಹಳದಿಯ ದಾರಿಯು ಚಿನ್ನವನ್ನೂ ಡೊರಥಿಯ ರಕ್ಷೆಗಳು ಬೆಳ್ಳಿಯ ನಾಣ್ಯವನ್ನೂ ಸೂಚಿಸುವುವೆಂದೂ ಬರೆದನು. ಬಾಮನ ಉದ್ದೇಶವು ಇದೇ ಎಂಬುದಕ್ಕೆ ಆಧಾರವಿಲ್ಲವೆಂದು ಆತನೇ ೧೯೯೨ರಲ್ಲಿ ಒಪ್ಪಿಕೊಂಡನು. ಈ ವಾದವು ನಿಲ್ಲಲಿ ಬಿಡಲಿ, ಚಿತ್ರವನ್ನು ಮಾತ್ರ ಕಂಡವರಿಗೆ ಇಂತಹ ಪ್ರಶ್ನೆಯೇ ಹುಟ್ಟುವಂತಿಲ್ಲವೆಂಬುದು ಗಮನಾರ್ಹ. ಒಂದು ಜೊತೆ ಪಾದರಕ್ಷೆಯ ಬಣ್ಣವು ಬದಲಾದಾಗ, ಕಥೆಗೆ ಹೇಳಬಹುದಾದ ಅರ್ಥಗಳ ಪರಿಧಿಯೂ ಬದಲಾಯಿತು.

ಬಣ್ಣವು ಒಡೆತನದ ವಿಷಯವೂ ಆಯಿತು. ಬಾಮನ ಗ್ರಂಥದ ಹಕ್ಕು ಅಮೆರಿಕಾದಲ್ಲಿ ೧೯೫೬ಕ್ಕೆ ತೀರಿ ಅದು ಸರ್ವರ ಸೊತ್ತಾಯಿತು. ಮಾಣಿಕ್ಯದ ರಕ್ಷೆಗಳಾದರೋ ಚಿತ್ರಸಂಸ್ಥೆಯ ಕಲ್ಪನೆಯಾದುದರಿಂದ ಹಾಗಾಗಲಿಲ್ಲ. ಡಿಸ್ನಿ ಸಂಸ್ಥೆಯು ೧೯೮೫ರ ತನ್ನ ಓಜ್ ಚಿತ್ರದಲ್ಲಿ ಅವನ್ನು ಬಳಸಲು ಹಣ ತೆತ್ತು ಅನುಮತಿ ಪಡೆಯಬೇಕಾಯಿತು. ೧೯೭೮ರ ‘ದಿ ವಿಜ್’ ಚಿತ್ರವೂ ೨೦೨೪ರ ‘ವಿಕೆಡ್’ ಚಿತ್ರವೂ ಬೆಳ್ಳಿಗೇ ಹಿಂದಿರುಗಿದುವು. ಇವುಗಳಲ್ಲಿ ಎರಡನೆಯದು ವಿಶೇಷವಾಗಿ ವಿಚಾರಾರ್ಹವಾದುದು. ಪಾದರಕ್ಷೆಯ ವಿಷಯದಲ್ಲಿ ಅದು ಬಾಮನ ಕಡೆಗೆ. ಮಾಟಗಾತಿಯ ಹಸಿರು ಚರ್ಮದ ವಿಷಯದಲ್ಲಿ ೧೯೩೯ರ ಚಿತ್ರದ ಕಡೆಗೆ. ಹುಟ್ಟಿನಿಂದ ಹಸಿರಾದ ಹುಡುಗಿಯೊಬ್ಬಳನ್ನು ಲೋಕವು ಆಕೆಯ ಬಣ್ಣದ ಕಾರಣದಿಂದಲೇ ದುಷ್ಟಳೆಂದು ಎಣಿಸಿತೆಂಬುದು ಅದರ ವಸ್ತು. ಗ್ರೆಗೊರಿ ಮೆಗ್ವೈರನ ೧೯೯೫ರ ಕಾದಂಬರಿಯಿಂದಲೂ ೨೦೦೩ರ ಸಂಗೀತನಾಟಕದಿಂದಲೂ ಬಂದ ಈ ಕಥೆಯು ಬಾಮನ ಗ್ರಂಥವೊಂದರಿಂದಲೇ ಹುಟ್ಟಲಾರದಾಗಿತ್ತು. ಏಡ್ರಿಯನನ ಕಾಲದ ಲೇಪಕಾರರು ಬಣ್ಣವನ್ನು ಬಟ್ಟೆಯಿಂದ ಚರ್ಮಕ್ಕೆ ಸಾಗಿಸಿದುದೇ ಅದಕ್ಕೆ ಬೀಜವಾಯಿತು. ಈ ಚಿತ್ರದ ವೇಷಕಲ್ಪನೆಗಾಗಿ ಪಾಲ್ ಟೇಜ್ವೆಲನಿಗೆ ೨೦೨೫ರಲ್ಲಿ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು.

ರಕ್ಷೆಗಳ ಮುಂದಿನ ಗತಿಯನ್ನೂ ಹೇಳಬೇಕು. ಚಿತ್ರಕ್ಕಾಗಿ ಹಲವು ಜೊತೆಗಳನ್ನು ಮಾಡಿದ್ದರು. ಒಂದು ಜೊತೆಯು ೧೯೭೦ರಲ್ಲಿ ಹರಾಜಿನಲ್ಲಿ ೧೫,೦೦೦ ಡಾಲರಿಗೆ ಹೋಯಿತು. ಸ್ಮಿತ್ಸೋನಿಯನ್ ಸಂಸ್ಥೆಗೆ ೧೯೭೯ರಲ್ಲಿ ಒಂದು ಜೊತೆಯು ದಾನವಾಗಿ ಬಂದಿತು. ೨೦೦೫ರಲ್ಲಿ ಮಿನೆಸೋಟಾ ಪ್ರಾಂತದ ವಸ್ತುಪ್ರದರ್ಶನಶಾಲೆಯೊಂದರಿಂದ ಕಳವಾಗಿ ೨೦೧೮ರಲ್ಲಿ ಸಿಕ್ಕಿದ ಮತ್ತೊಂದು ಜೊತೆಯು, ೨೦೨೪ರ ಡಿಸೆಂಬರಿನ ಹರಾಜಿನಲ್ಲಿ, ಶುಲ್ಕವನ್ನು ಬಿಟ್ಟು, ೨ ಕೋಟಿ ೮೦ ಲಕ್ಷ ಡಾಲರಿಗೆ ಮಾರಾಟವಾಯಿತು. ಸ್ಮಿತ್ಸೋನಿಯನ್ ಜೊತೆಯ ಬಿಲ್ಲೆಗಳ ತಿರುಳು ಜೆಲಟಿನ್. ಮೇಲಿನ ಬಣ್ಣದ ಲೇಪವು ಬೆಳಕಿಗೆ ಕಂದುವ ಸ್ವಭಾವದ್ದು. ಅದರ ಸಂರಕ್ಷಣೆಗಾಗಿ ೨೦೧೬ರಲ್ಲಿ ಸಾರ್ವಜನಿಕರಿಂದ ೩ ಲಕ್ಷ ಡಾಲರಿಗೆ ಮೀರಿದ ಹಣವು ಕೂಡಿತು. ಪ್ರಖರವಾದ ಬೆಳಕಿಗಾಗಿ ಮಾಡಿದ ವಸ್ತುವನ್ನು ಈಗ ಮಂದವಾದ ಬೆಳಕಿನಲ್ಲಿ ಕಾಪಾಡಬೇಕಾಗಿದೆ. ಗ್ರಂಥದ ಬೆಳ್ಳಿಯ ರಕ್ಷೆಗಳಾದರೋ ಡೊರಥಿಯು ಮನೆಗೆ ಹಾರಿಬರುವಾಗ ಕಾಲಿನಿಂದ ಜಾರಿ ಮರುಭೂಮಿಯಲ್ಲಿ ಬಿದ್ದು, ಶಾಶ್ವತವಾಗಿ ಕಳೆದುಹೋದುವು.

೭

ಇದುವರೆಗೆ ಹೇಳಿದುದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು: ಚಿತ್ರದ ವೇಷಗಳಲ್ಲಿ ಕಾಣುವ ವ್ಯತ್ಯಾಸಗಳನ್ನು ಮೂಲಕ್ಕೆ ಮಾಡಿದ ದ್ರೋಹವೆಂದು ಹಳಿಯುವುದೂ, ಬರಿಯ ಆಡಂಬರವೆಂದು ತಳ್ಳುವುದೂ ಸರಿಯಲ್ಲ. ಪುಟದ ಮೇಲಿನ ಬಣ್ಣವು ಒಂದು ಮಾತು. ಅದನ್ನು ಓದುಗನು ತನ್ನ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ. ತೆರೆಯ ಮೇಲಿನ ಬಣ್ಣವು ಬಟ್ಟೆ, ಲೇಪ, ದೀಪ, ಗಾಜು, ರಂಗು ಇವೆಲ್ಲ ಕೂಡಿ ಆಗುವ ಕಾರ್ಯ. ಇವುಗಳಲ್ಲಿ ಯಾವುದೊಂದು ಒಪ್ಪದಿದ್ದರೂ ಕವಿಯ ಬಣ್ಣವು ನಿಲ್ಲಲಾರದು. ಎರಡು ಗಂಟೆಗಿಂತ ಕಡಮೆಯ ಕಾಲದಲ್ಲಿ ಹಲವು ದೇಶಗಳ ಭೂಗೋಳವನ್ನು ಪ್ರೇಕ್ಷಕನಿಗೆ ಕಲಿಸುವುದು ಕಷ್ಟ. ಒಬ್ಬೊಬ್ಬರ ಗುಣವನ್ನು ಕಂಡೊಡನೆ ತಿಳಿಸುವುದು ಸುಲಭ. ಹೀಗೆ ಯಂತ್ರದ ಅಗತ್ಯವೂ ನಾಟಕದ ಅಗತ್ಯವೂ ಒಂದೇ ಕಡೆಗೆ ಎಳೆದುದರಿಂದ ದೇಶದ ಬಣ್ಣವು ವ್ಯಕ್ತಿಯ ಬಣ್ಣವಾಯಿತು.

ಎರಡನೆಯದು: ಕನ್ನಡಕದ ಪ್ರಸಂಗವು ಚಿತ್ರದಿಂದ ತೊಲಗಿದರೂ ಅದರ ತತ್ತ್ವವು ಚಿತ್ರದ ನಿರ್ಮಾಣದಲ್ಲಿ ನಿಂತಿತು. ಗುಲಾಬಿಯ ಕುಪ್ಪಸವು ಬಿಳಿಯಾಗಿ, ಕಪ್ಪುಗೆಂಪಿನ ಬಿಲ್ಲೆಯು ಮಾಣಿಕ್ಯವಾಗಿ, ಕಂದು ಬಳಿದ ಗೋಡೆಯು ಬಣ್ಣವಿಲ್ಲದುದಾಗಿ ತೋರಿದುದು ಆ ಹಸಿರುಗಾಜಿನ ವಿದ್ಯೆಯಿಂದಲೇ. ಪ್ರಜೆಗಳ ಮೂಗಿನ ಮೇಲಿದ್ದ ಗಾಜು ಯಂತ್ರದ ಒಳಗೆ ಸೇರಿತು, ಅಷ್ಟೆ. ಬಾಮನ ಮಾಂತ್ರಿಕನು ಕೊನೆಗೆ ತನ್ನ ಉಪಾಯವನ್ನು ಬಾಯಿಬಿಟ್ಟು ಹೇಳಿದನು. ಚಿತ್ರವು ತನ್ನ ವರ್ಣೋಪಾಯವನ್ನು ತೆರೆಯ ಮೇಲೆ ಹೇಳಿಕೊಳ್ಳಲಿಲ್ಲ. ಅದನ್ನು ತಿಳಿಸಿಕೊಟ್ಟುದು ಉಳಿದು ಬಂದ ಉಡುಪುಗಳೂ, ಕಂದುತ್ತಿರುವ ಬಿಲ್ಲೆಗಳೂ, ಲೇಪದಿಂದ ನೊಂದವರ ವೃತ್ತಾಂತಗಳೂ. ಬಾಲರ ಗ್ರಂಥಗಳು ಚಿತ್ರಗಳಾಗುವ ಕಾಲದಲ್ಲಿ ಮೂಲದ ಬಣ್ಣವು ಉಳಿದಿದೆಯೆ ಎಂದು ಕೇಳುವವರು ಬಹುಮಂದಿ ಇರುವರು. ಆ ಬಣ್ಣವು ಮೂಲದಲ್ಲಿ ಯಾವ ಕೆಲಸವನ್ನು ಮಾಡುತ್ತಿತ್ತು, ಹೊಸದು ಯಾವ ಕೆಲಸವನ್ನು ಮಾಡುತ್ತಿದೆ, ಅದಕ್ಕಾಗಿ ಯಾರು ಏನನ್ನು ತೆತ್ತರು ಎಂದು ಕೇಳುವುದು ಅದಕ್ಕಿಂತ ಹೆಚ್ಚು ಪ್ರಯೋಜನಕರವಾದುದು.